ಮಸರಕಲ್ಲಿನಲ್ಲಿ ಯಾವ ಓಣಿ?

ಮನೆ ಬದಲಿಸುವಾಗ ಉಳಿದ ಸಾಮಾನನ್ನೆಲ್ಲ ಗಾಡಿಯ ಹಿಂದೆ ಹಾಕಿಸಿ, ಪಂಜರವನ್ನು ಮಾತ್ರ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕ ಕೂರುತ್ತೇನೆ. ಎರಡು ವರ್ಷದಲ್ಲಿ ಇದು ನಾಲ್ಕನೆಯ ಮನೆ. ಮೊದಲ ಮೂರು ದೇವದುರ್ಗದಲ್ಲಿ, ಇದು ರಾಯಚೂರಿನಲ್ಲಿ. ದಾರಿಯುದ್ದಕ್ಕೂ ಗಾಡಿ ಕುಲುಕಿದಲ್ಲೆಲ್ಲ ಪಂಜರವನ್ನು ಎತ್ತಿ ಹಿಡಿದು ಕೈ ನೋಯುತ್ತಿತ್ತು.

ಒಳಗೆ ಕೂತಿದ್ದವನು ಕಲೆಕ್ಟರ್. ಹಸಿರು ಮೈ, ಹಳದಿ ತಲೆ, ಕೊಕ್ಕಿನ ಮೇಲೆ ನೀಲಿ ಬೊಟ್ಟು. ಬಡ್ಜಿ ಅನ್ನುವುದು ಸರಿಯಾದ ಹೆಸರು, ಆದರೆ ನಮ್ಮ ಕಡೆ ಎಲ್ಲರೂ ಲವ್ ಬರ್ಡ್ ಅಂತಲೇ ಕರೆಯುವುದು. ಯಾರು ಬಂದರೂ ಎದೆಯುಬ್ಬಿಸಿ ಮೇಲಿಂದ ಕೆಳಗೆ ನೋಡುವ ಅವನ ಠೀವಿ ಕಂಡು ಅಪ್ಪ ಆ ಹೆಸರಿಟ್ಟಿದ್ದ.

ಕಲೆಕ್ಟರ್‌ಗೆ ಒಂದೇ ಒಂದು ಮಾತು ಬರುತ್ತದೆ. ಅಪ್ಪ ಮಸರಕಲ್ಲಿನಿಂದ ದೇವದುರ್ಗದ ಸಂತೆಗೆ ಬಂದಾಗಲೆಲ್ಲ ನನ್ನ ಬಾಡಿಗೆ ಮನೆಯ ಬಾಗಿಲಲ್ಲಿ ನಿಂತು, ಗಂಟಲು ಬಿಟ್ಟು "ಜೈಭೀಮ್" ಅನ್ನುತ್ತಿದ್ದ. ಹಕ್ಕಿ ಅದನ್ನು ಕಲಿಯಿತು. ಯಾರೇ ಬಾಗಿಲು ದಾಟಿದರೂ ಅಪ್ಪನ ದನಿಯಲ್ಲೇ ಅನ್ನತೊಡಗಿತು. ಮೂರನೆಯ ಮನೆಯ ಮಾಲಕಿ ಅದನ್ನು ಕೇಳಿದ ಎಂಟನೆಯ ದಿನಕ್ಕೆ, "ನಮ್ಮ ತಂಗಿ ಮಗಳು ಬರ್ತಾಳ, ಮನಿ ಬೇಕಾಗೇದ" ಎಂದರು. ಎರಡನೆಯ ಮನೆಯಲ್ಲಿ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ ನೋಡಿದ ಮೇಲೆ ಬಂದಿದ್ದೂ ಒಬ್ಬ ತಂಗಿ ಮಗಳೇ.

ಅದಕ್ಕೇ ಈ ಸಲ ಪಂಜರಕ್ಕೆ ನನ್ನ ಕಪ್ಪು ದುಪ್ಪಟ್ಟಾ ಹೊದಿಸಿದ್ದೆ. ಕತ್ತಲಾದರೆ ಅವನು ಸುಮ್ಮನಿರುತ್ತಾನೆ.

ಹೊಸ ಮಾಲಕಿ ಅಯ್ಯಮ್ಮನವರ ಮನೆ ಸ್ಟೇಷನ್ ರಸ್ತೆಯ ಹಿಂದಿನ ಸಾಲಿನಲ್ಲಿ. ಕೆಳಗೆ ಅವರು, ಮೇಲೆ ನಾನು, ಅದಕ್ಕೂ ಮೇಲೆ ಮಾಳಿಗೆಯ ಒಂಟಿ ಕೋಣೆಯಲ್ಲಿ ಇನ್ನೊಬ್ಬ ಬಾಡಿಗೆದಾರ. ಮಾಳಿಗೆಯ ಮೆಟ್ಟಿಲು ನನ್ನ ಪಡಸಾಲೆಯ ಕಿಟಕಿಗೆ ತಾಗಿಕೊಂಡೇ ಹೋಗುತ್ತದೆ. ಮನೆ ನೋಡಲು ಬಂದ ದಿನ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆ ಮೆಟ್ಟಿಲಿನಿಂದಲೇ ಅವನು ಇಳಿದು ಬಂದ. ಪ್ಯಾಂಟಿನ ಅಂಚಿಗೆ ಎರೆಮಣ್ಣು, ಕಿವಿಯ ಹಿಂದೆ ಪೆನ್ಸಿಲ್. ಕೇಳದೆಯೇ ನನ್ನ ಟ್ರಂಕಿಗೆ ಕೈ ಹಾಕಿದ.

"ಕಲ್ಲು ತುಂಬೀರೇನ್ರೀ ಇದರಾಗ?"

"ಪುಸ್ತಕ."

"ಯಾವೂರ್ರೀ ನಿಮ್ದು?"

"ದೇವದುರ್ಗ."

"ದೇವದುರ್ಗ ಊರಾಗನ?"

"ಹತ್ರ."

"ಹತ್ರ ಅಂದ್ರ?"

"ಮಸರಕಲ್."

"ಮಸರಕಲ್ಲಿನಾಗ ಯಾವ ಓಣಿ?"

ನಾನು ಕೋರ್ಟಿನಲ್ಲಿ ಟೈಪಿಸ್ಟ್. ವಕೀಲರ ಪಾಟೀ ಸವಾಲು, ಸಾಕ್ಷಿಗಳ ಉತ್ತರ, ಇವನ್ನು ಆರು ವರ್ಷದಿಂದ ಬೆಳಗಿನಿಂದ ಸಂಜೆಯವರೆಗೆ ಟೈಪ್ ಮಾಡಿ ಮಾಡಿ, ಯಾರು ಏನು ಕೇಳಿದರೂ ಯಾಕೆ ಕೇಳಿದರು ಎಂದು ಮೊದಲು ಯೋಚಿಸುವ ಚಟ ಬಂದಿದೆ. ಇಲ್ಲಿ ಅಷ್ಟು ಯೋಚನೆಯೂ ಬೇಕಿರಲಿಲ್ಲ. ಓಣಿ ಕೇಳುವುದೆಂದರೆ ಜಾತಿ ಕೇಳುವುದು ಅಂತ ಹಳ್ಳಿಯಲ್ಲಿ ಹುಟ್ಟಿದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ಬಸ್ ನಿಲ್ತದಲ್ಲ, ಆ ಕಡಿ," ಎಂದೆ.

ಅವನು ಟ್ರಂಕನ್ನು ಕೆಳಗಿಟ್ಟ. "ಆ ಕಡಿ ಮನಿ ಇಲ್ಲಲ್ರೀ. ಬರೇ ಹೊಲ ಅದಾವ. ಹೋದ ವರ್ಷ ಡೆಪ್ಯುಟೇಷನ್ ಮ್ಯಾಲ ಹೋದಾಗ ನಾನ ಅಳತಿ ಮಾಡೀನಿ."

ಹಾಗೆ ಹೇಳಿ ನಕ್ಕ. ಎಡಗೆನ್ನೆಯಿಂದ ಶುರುವಾಗಿ ನಿಧಾನಕ್ಕೆ ಬಲಕ್ಕೆ ಬರುವ ನಗು. ಚೆಂದದ ನಗುವೇ, ಇಲ್ಲ ಅನ್ನುವುದಿಲ್ಲ. ಆದರೆ ಸಾಕ್ಷಿ ಸುಳ್ಳು ಹೇಳಿ ಸಿಕ್ಕಿಬಿದ್ದಾಗ ವಕೀಲರು ನಗುವುದೂ ಹಾಗೆಯೇ.

ಅಷ್ಟರಲ್ಲಿ ಅಯ್ಯಮ್ಮನವರು ಬೋಗುಣಿಯಲ್ಲಿ ಹಾಲು ತಂದರು. ಹೊಸ ಮನೆಗೆ ಬಂದ ದಿನ ಹಾಲುಕ್ಕಿಸಬೇಕು. ಉಕ್ಕಿಸಿದೆ.

"ದೇವರ ಫೋಟೋ ಎಲ್ಲಿಡ್ತೀ ಯವ್ವಾ? ಗ್ವಾಡಿಗೆ ಮೊಳಿ ಇನ್ನಾ ಹೊಡದಿಲ್ಲ ನಾ."

"ಸಾಮಾನು ಬಿಚ್ಚಿಲ್ರೀ ಅವ್ವಾರ. ಇಡ್ತೀನಿ."

"ಈ ಹಕ್ಕಿ ಜೋಡಿ ಇರ್ತಾವಲ್ಲ, ಒಂದ ಯಾಕ?"

ಒಂದೇ ಇದ್ದರೆ ಮಾತು ಕಲಿಯುತ್ತದೆ ಎಂದು ಬಾಯಿಗೆ ಬಂದಿದ್ದನ್ನು ನುಂಗಿಕೊಂಡೆ. "ಒಂದ ಸಾಕಂತ," ಎಂದೆ. ಬಾಗಿಲ ಹೊರಗೆ ನಿಂತಿದ್ದ ಅವನು ದುಪ್ಪಟ್ಟಾ ಹೊದ್ದ ಪಂಜರವನ್ನೂ, ನನ್ನನ್ನೂ ಒಂದೊಂದು ಸಲ ನೋಡಿ ಮೇಲೆ ಹೋದ. ಬುದ್ಧ ಮತ್ತು ಬಾಬಾಸಾಹೇಬರ ಫೋಟೋ ಅದೇ ಟ್ರಂಕಿನಲ್ಲಿ, ಪುಸ್ತಕಗಳ ಕೆಳಗೇ ಉಳಿಯಿತು.

ಅವನ ಹೆಸರು ಕೃಷ್ಣ. ಮಾನ್ವಿಯ ತಾಲೂಕು ಆಫೀಸಿನಲ್ಲಿ ಸರ್ವೇಯರ್, ಈ ಕೋಣೆಗೆ ಬಂದು ಎರಡು ವರ್ಷ. ಇದು ತಿಳಿದ ಮೇಲೆ ನನ್ನ ಅನುಮಾನ ಇನ್ನೂ ಬೆಳೆಯಿತು. ಮಾನ್ವಿಯಲ್ಲಿ ಕೆಲಸ ಇರುವ ಮನುಷ್ಯ ಮಾನ್ವಿ ಬಿಟ್ಟು, ದಿನಾ ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತ ರಾಯಚೂರಿನಲ್ಲಿ ಯಾಕಿರಬೇಕು? ಏನೋ ಮಾಡಿಕೊಂಡು ಓಡಿ ಬಂದಿರಬೇಕು. ಇಲ್ಲವೇ ಅಯ್ಯಮ್ಮನವರ ಸಂಬಂಧಿಕನೋ ಏನೋ, ಬಾಡಿಗೆಯವರ ಮೇಲೆ ಕಣ್ಣಿಡಲು ಇಟ್ಟಿರಬೇಕು. ಎರಡೂ ಆಗಿರಬಹುದು.

ಮನೆ ಬದಲಾದ ಬೇಸರಕ್ಕೆ ಕಲೆಕ್ಟರ್ ಎರಡು ವಾರ ಬಾಯಿ ಬಿಡಲಿಲ್ಲ. ನನಗೆ ಸಮಾಧಾನವಾಯಿತು. ಆದರೆ ಅಪ್ಪನ ದನಿ ಮನೆಯಲ್ಲಿ ಇಲ್ಲವಾಗಿತ್ತು, ಅದನ್ನು ಇಲ್ಲವಾಗಿಸಿದವಳು ನಾನೇ. ಮೂರನೆಯ ವಾರ ಒಂದು ಬೆಳಿಗ್ಗೆ ಕಿಟಕಿಯ ಸರಳಿಗೆ ಒಂದು ನವಣೆ ತೆನೆ ಸಿಕ್ಕಿಸಿತ್ತು. ಮಾರನೆಯ ದಿನ ಇನ್ನೊಂದು.

ಮೂರನೆಯ ದಿನ ಕಿಟಕಿಯ ಹಿಂದೆ ಕಾದು ನಿಂತು ಹಿಡಿದೆ.

"ಏನ್ ಮಾಡಾಕತ್ತೀರಿ?"

ಕೃಷ್ಣನ ಕೈ ಸರಳಿನ ಮೇಲೇ ಉಳಿಯಿತು. "ನವಣಿ ತೆನಿ. ಹೊಲದ ಅಳತಿಗೆ ಹೋಗಿದ್ದೆ, ರೈತರು ಕೊಟ್ರು. ಇವಕ್ಕ ಭಾಳ ಸೇರ್ತದ."

"ನಿಮಗ್ಹೆಂಗ ಗೊತ್ತು?"

"ಮೊಬೈಲಿನಾಗ ನೋಡೀನಿ."

"ನನ್ನ ಹಕ್ಕಿ ಬಗ್ಗೆ ನೀವ್ಯಾಕ ಮೊಬೈಲಿನಾಗ ನೋಡ್ತೀರಿ?"

"ಹಕ್ಕಿ ಬಗ್ಗೆ ನೋಡಿದ್ರ ಮೊಬೈಲ್ ಉತ್ತರ ಕೊಡ್ತದ್ರೀ. ಹಕ್ಕಿ ಸಾಕಿದವ್ರ ಬಗ್ಗೆ ಕೇಳಿದ್ರ ಇಲ್ಲದ ಕಡಿ ಮನಿ ಅದ ಅಂತಾರ."

ನನಗೆ ನಗು ಬಂತು. ಬಂದದ್ದು ಕಾಣದಿರಲಿ ಎಂದು ಕಿಟಕಿ ಹಾಕಿಕೊಂಡೆ. ಒಳಗೆ ಬಂದು ಕೂತ ಮೇಲೆ ಹೆದರಿಕೆಯಾಯಿತು. ಅವನು ಆ ಸುಳ್ಳನ್ನು ಮರೆತಿಲ್ಲ.

ಆಮೇಲೆ ಒಂದು ದಿನ, "ಪಂಜರ ಅಡಿಗಿಮನಿ ಹತ್ರ ಇಡಬ್ಯಾಡ್ರಿ, ಒಗ್ಗರಣಿ ಹೊಗಿ ಈ ಹಕ್ಕಿಗೆ ಆಗಂಗಿಲ್ಲ. ಕಿಟಕಿ ಕಡಿ ಇಡ್ರಿ," ಎಂದ. ಕಿಟಕಿ ಕಡೆ ಅಂದರೆ ಅವನ ಮೆಟ್ಟಿಲ ಕಡೆ. ಹಕ್ಕಿಯ ಬಾಯಿಂದ ಏನಾದರೂ ಹೊರಡಿಸಬೇಕೆಂದೇ ಹೇಳುತ್ತಿದ್ದಾನೆ ಎಂದುಕೊಂಡು ಒಂದು ವಾರ ಜಪ್ಪಯ್ಯ ಅಂದರೂ ಸರಿಸಲಿಲ್ಲ. ಕಲೆಕ್ಟರ್ ಬಾಲ ಕುಣಿಸಿ ಕುಣಿಸಿ ಉಸಿರಾಡುವುದನ್ನು ಕಂಡ ಮೇಲೆ ಸರಿಸಿದೆ. ನಾಲ್ಕೇ ದಿನಕ್ಕೆ ಅವನು ಮೊದಲಿನಂತಾದ. ಬೆಳಿಗ್ಗೆ ನಾನು ಸ್ನಾನಕ್ಕೆ ಹೋದಾಗ ಹೊರಗಿನಿಂದ ಏನೋ ಗುಸುಗುಸು ಕೇಳುತ್ತಿತ್ತು, ಬಂದು ನೋಡಿದರೆ ಯಾರೂ ಇರುತ್ತಿರಲಿಲ್ಲ.

ಹೀಗೆ ಅನುಮಾನ ಪಡುತ್ತಲೇ ನಾನು ಅವನ ಹೆಜ್ಜೆಗೆ ಕಿವಿ ಕೊಡುವುದನ್ನು ಕಲಿತೆ. ಮಾನ್ವಿ ಬಸ್ಸು ತಡವಾದ ದಿನ ನನ್ನ ಓದು ಸಾಗುತ್ತಿರಲಿಲ್ಲ. ಅವನು ಮೆಟ್ಟಿಲು ಹತ್ತುವಾಗ ಕಿಟಕಿಯ ಹತ್ತಿರ ಬಂದು ಒಂದು ಕ್ಷಣ ನಿಧಾನ ಮಾಡುತ್ತಿದ್ದ, ನಾನು ಏನೂ ಗೊತ್ತಿಲ್ಲದವಳ ಹಾಗೆ ಬಟ್ಟೆ ಮಡಚುತ್ತಿದ್ದೆ. ಒಂದೇ ಸೀರೆಯನ್ನು ಎರಡು ಸಲ ಮಡಚಿದ್ದೂ ಉಂಟು.

ಒಂದು ಸಂಜೆ ಧೈರ್ಯ ಮಾಡಿ, ಮಂಡಕ್ಕಿ ನೆನೆಸಿ ಮಂಡಾಳ ಒಗ್ಗರಣೆ ಕಲಸಿ, ಚಹಾ ಕಾಸಿ, ಬಾಗಿಲು ತೆರೆದು ಕರೆದೆ.

"ಬರ್ರಿ, ಚಾ ಕುಡೀರಿ. ಹಕ್ಕಿ ಆರಾಮಾತು, ಅದಕ್ಕ."

ಅವನು ಹೊಸ್ತಿಲವರೆಗೆ ಬಂದ. ಬಂದು ನಿಂತುಬಿಟ್ಟ. ತಟ್ಟೆಯನ್ನು ನೋಡಿದ, ಕಾಲನ್ನು ನೋಡಿಕೊಂಡ.

"ಬ್ಯಾಡ್ರೀ. ಈಗ ಆಗೇದ."

"ಮಾನ್ವಿ ಬಸ್ಸಿನಿಂದ ಈಗ ಇಳದ್ರಿ. ಎಲ್ಲಿ ಆತು?"

"ಆಗೇದ್ರೀ," ಎಂದು ತಲೆ ತಗ್ಗಿಸಿ ಮೇಲೆ ಹೋದ.

ಬಾಗಿಲು ಮುಚ್ಚಿ ನಿಂತೆ. ಎಲ್ಲ ಅರ್ಥವಾಯಿತು ಅನ್ನಿಸಿತು. ಓಣಿ ಯಾಕೆ ಕೇಳಿದ, ಸುಳ್ಳು ಹಿಡಿದು ಯಾಕೆ ನಕ್ಕ, ಎಲ್ಲ. ಅವನಿಗೆ ಗೊತ್ತಾಗಿದೆ. ನವಣೆ ಕೊಡುವುದು ಹಕ್ಕಿಗೆ. ನನ್ನ ಮನೆಯೊಳಗೆ ಕಾಲಿಡುವುದಿಲ್ಲ, ನನ್ನ ಕೈಯ ಚಹಾ ಮುಟ್ಟುವುದಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಬರಲಿಲ್ಲ. ಎದೆ ಒಡೆದು ಅಳು ಬಂತು. ಅವನು ನನಗೆ ಇಷ್ಟವಾಗಿದ್ದ ಅನ್ನುವುದು ಗೊತ್ತಾಗಿದ್ದು ಹಾಗೆ ಅಳುವಾಗಲೇ.

ಮರುದಿನದಿಂದ ಕಿಟಕಿ ಹಾಕಿಯೇ ಇಟ್ಟೆ. ಹದಿನೈದು ದಿನ ಅವನ ಜೊತೆ ಮಾತಿಲ್ಲ.

ಅದಾದ ಮೇಲಿನ ಭಾನುವಾರ. ಬೆಳಗಿನ ಬಿಸಿಲಿಗೆ ದುಪ್ಪಟ್ಟಾ ತೊಳೆದು ತಂತಿಗೆ ಹಾಕಿದ್ದೆ. ಬಾಗಿಲು ತೆರೆದೇ ಇತ್ತು. ನಲ್ಲಿ ಸೋರುತ್ತದೆ ಎಂದು ನಾನೇ ಹೇಳಿ ಕಳಿಸಿದ್ದೆ, ಅದನ್ನು ನೋಡಲು ಅಯ್ಯಮ್ಮನವರು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದರು. ನಲ್ಲಿಗೆ ವಾಷರ್ ಹಿಡಿದುಕೊಂಡು ಕೃಷ್ಣ ಹಿಂದೆ ಬಂದ. ಅವನನ್ನು ಕರೆದವರು ಅವರೇ. ಅವರು ಒಳಗೆ ಬಂದರು. ಅವನು ಎಂದಿನಂತೆ ಬಾಗಿಲಲ್ಲಿ ನಿಂತ.

ಕಲೆಕ್ಟರ್ ಎದೆಯುಬ್ಬಿಸಿ ಅಯ್ಯಮ್ಮನವರನ್ನು ಮೇಲಿಂದ ಕೆಳಗೆ ನೋಡಿದ.

"ಜೈಭೀಮ್," ಎಂದ. ಅಪ್ಪನದೇ ದನಿ. ಕೊನೆಗೊಂದು ಸಣ್ಣ ಕೆಮ್ಮು, ಅದೂ ಅಪ್ಪನದೇ.

ನಲ್ಲಿಯಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು.

"ಏನಂತಿದು?" ಎಂದರು ಅಯ್ಯಮ್ಮನವರು, ನನ್ನನ್ನು ನೋಡಿ.

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಿನಿಂದ ಉತ್ತರ ಬಂತು.

"ನಾ ಕಲಿಸೀನ್ರೀ ಅವ್ವಾರ."

"ನೀ ಯಾಕ ಕಲಿಸ್ತಿ?"

"ನಮ್ಮ ಮನ್ಯಾಗ ಹಂಗ ಅಂತೀವಿ. ನಾನು ಬಾಗಲವಾಡದಾಂವ. ಅಂಬೇಡ್ಕರ್ ಓಣಿ. ದಿನಾ ಮುಂಜಾನಿ ಇಳಿಯೋವಾಗ ಅಂತೀನಿ, ಅದು ಕಲ್ತದ. ಇವರಿಗೇನೂ ಗೊತ್ತಿಲ್ಲ."

ಎರಡು ವರ್ಷ ಮುಚ್ಚಿಟ್ಟ ಮಾತನ್ನು ಅವನು ನನಗೋಸ್ಕರ ಅಲ್ಲಿ ಇಟ್ಟಿದ್ದ, ನಾನು ಅದರ ಹಿಂದೆ ಅಡಗಿ ಕೂರಬಹುದಿತ್ತು. ಮನೆ ಉಳಿಯುತ್ತಿತ್ತು. ಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರ, ಎರಡೂ ಹೊತ್ತು ನೀರು, ಬೆಳಕಿನ ಕಿಟಕಿ. ಒಂದು ಉಸಿರಿನಷ್ಟು ಹೊತ್ತು ನಾನು ಅದನ್ನೂ ಯೋಚಿಸಿದೆ. ಆದರೆ ಇಷ್ಟು ದಿನ ಸುಳ್ಳು ಹೇಳಿ ಏನು ಬಂತು?

"ಅವರು ಸುಳ್ಳು ಹೇಳಾಕತ್ತಾರ," ಎಂದೆ. "ಹಕ್ಕಿಗೆ ಕಲಿಸಿದ್ದು ನಮ್ಮಪ್ಪ, ಮಸರಕಲ್ಲಿನ ಅಯ್ಯಣ್ಣ. ನಮ್ದೂ ಅಂಬೇಡ್ಕರ್ ಓಣಿ, ಎರಡನೇ ಮನಿ."

ಅಯ್ಯಮ್ಮನವರು ನನ್ನನ್ನು ಬಿಟ್ಟು ಅವನ ಕಡೆ ತಿರುಗಿದರು. "ಎರಡು ವರ್ಷ ಆತು. ಚಾ ಕುಡಿ ಅಂದ್ರ ಆಗೇದ ಅಂತಿದ್ದಿ. ನೀರು ಕೊಟ್ರ ಮುಟ್ತಿದ್ದಿಲ್ಲ. ನಾ ನಿನ್ನ ಭಾಳ ಮಡಿ ಮಂದಿ ಅಂದ್ಕೊಂಡಿದ್ದೆ. ನಮ್ಮ ಮನಿ ನೀರ ನಿನಗ ಆಗಂಗಿಲ್ಲ ಅಂತ ನಾನ ಸಣ್ಣಾಕಿ ಆಗಿದ್ದೆ."

ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡರು. "ತಿಂಗಳ ಕೊನೀಗೆ ನಮ್ಮ ತಂಗಿ ಮಗಳು ಬರ್ತಾಳ. ಎರಡೂ ಖಾಲಿ ಮಾಡ್ರಿ."

"ಒಬ್ಬ ತಂಗಿ ಮಗಳಿಗೆ ಎರಡು ಮನಿ ಯಾಕ್ರೀ ಅವ್ವಾರ?" ಎಂದೆ.

ಅವರು ಮೆಟ್ಟಿಲಿಳಿದು ಹೋದರು. ನಲ್ಲಿ ಸೋರುತ್ತಲೇ ಇತ್ತು.

ಕೃಷ್ಣ ಬಾಗಿಲಲ್ಲೇ ನಿಂತಿದ್ದ. ನಾನು ಅವನಿಗೆ ಉಪಕಾರ ಹೇಳಬೇಕಿತ್ತು. ಬದಲಿಗೆ ಜಗಳ ತೆಗೆದೆ.

"ನಿಮಗ ಗೊತ್ತಿತ್ತು."

"ಹೂಂ."

"ಯಾವಾಗಿಂದ?"

"ಮೊದಲ ದಿನದಿಂದ. ಅವ್ವಾರ ಬಾಯಾಗ ವಿಶಾಖಾ ಅಂತ ಬುದ್ಧನ ಕಥ್ಯಾಗಿನ ಹೆಸರು ಕೇಳಿ ನಮ್ಮವ್ರ ಇರಬೇಕಂತ ಆಸಿ ಆತು, ಅದಕ್ಕ ಓಣಿ ಕೇಳಿದೆ. ನೀವು ಇಲ್ಲದ ಕಡಿ ಮನಿ ಹೇಳಿದ್ರಿ. ಖಾತ್ರಿ ಆತು. ನಾನೂ ಹಂಗ ಹೇಳ್ತೀನಿ. ಮಾನ್ವಿಯಾಗ ಎಲ್ಲಾರಿಗೂ ನಾ ಯಾರಂತ ಗೊತ್ತು, ಅದಕ್ಕ ಇಷ್ಟು ದೂರ ಬಂದು ಅದೀನಿ."

"ಹಕ್ಕಿ ಮಾತು?"

"ಎರಡು ವಾರಕ್ಕ ಕೇಳಿದೆ. ದುಪ್ಪಟ್ಟಾದೊಳಗಿಂದ ಸಣ್ಣಗ ಅಂತು. ನಾನೂ ಸಣ್ಣಗ ಅಂದೆ. ಈ ಊರಾಗ ನಾ ಬಾಯಿಬಿಟ್ಟು ಅಂದಿದ್ದು ಅದಕ್ಕೊಂದ. ದಿನಾ ಅಂದೆ."

"ನಾ ಎರಡು ತಿಂಗಳು ಅಂಜಿ ಸತ್ತೆ. ನೀವು ನನ್ನ ಹಕ್ಕಿಗೆ ಹೇಳಿದ್ರಿ, ನನಗ ಹೇಳಲಿಲ್ಲ."

"ನಾನೂ ಅಂಜಿದ್ದೆ ರೀ." ಅವನು ಗೋಡೆಗೆ ಒರಗಿದ. "ಹೇಡಿ ಅನ್ರಿ ಬೇಕಾದ್ರ."

"ಅಂತೀನಿ. ಚಾ ಯಾಕ ಕುಡೀಲಿಲ್ಲ? ಅದೊಂದು ಹೇಳ್ರಿ."

ಅವನು ಹೊಸ್ತಿಲು ನೋಡುತ್ತ ಹೇಳಿದ. "ಸಣ್ಣಾಂವ ಇದ್ದಾಗ ಶಾಲಿ ಗೆಳೆಯನ ಮನಿಗೆ ಹೋಗಿದ್ದೆ. ಹೊಸ್ತಿಲ ದಾಟಿದ್ದೆ. ವಾಪಸ್ ಬರೋವಾಗ ತಿರುಗಿ ನೋಡಿದ್ರ ಅವರಜ್ಜಿ ನಾ ನಿಂತ ಜಾಗ ತೊಳಿಯಾಕತ್ತಿದ್ಳು. ಆವಾಗಿಂದ ಯಾರ ಮನ್ಯಾಗೂ ಕಾಲಿಡಂಗಿಲ್ಲ. ಕಾಲ ಏಳಂಗಿಲ್ಲ. ನಿಮ್ಮ ಮನಿಗೂ ಏಳಲಿಲ್ಲ. ಭಾಳ ನೋಡಿದೆ."

"ನಿಮಗ ನನ್ನ ಚಾ ಆಗಂಗಿಲ್ಲ ಅಂತ ನಾ ತಿಳ್ಕೊಂಡೆ," ಎಂದೆ.

ಅವನು ತಲೆಯೆತ್ತಿ ನನ್ನನ್ನು ನೋಡಿದ ರೀತಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕಣ್ಣು ತುಂಬಿ ಬಂದಿದ್ದವು. ಹೊಸ್ತಿಲು ದಾಟಿ ಒಳಗೆ ಬಂದ. ನೆಲದ ಮೇಲೆ ಗೋಡೆಗೊರಗಿ ಕೂತ. ನಾನು ಚಹಾ ಕಾಸಿದೆ, ಸಕ್ಕರೆ ಹೆಚ್ಚಾಯಿತು. ಅವನು ಎರಡು ಕಪ್ಪು ಕುಡಿದ. ಆಮೇಲೆ ಟ್ರಂಕಿನಿಂದ ಫೋಟೋ ತೆಗೆದು, ಉಳಿದ ಇಪ್ಪತ್ತು ದಿನಕ್ಕೇ ಆಗಲಿ ಎಂದು ಮೊಳೆ ಹೊಡೆದೆವು. ಸುತ್ತಿಗೆಯ ಸದ್ದು ಕೆಳಗೆ ಕೇಳಿಸಲಿ ಎಂದೇ ನಾನು ಜೋರಾಗಿ ಹೊಡೆದೆ.

ಮನೆ ಹುಡುಕುವ ಕೆಲಸ ಇಬ್ಬರಿಗೂ ಒಟ್ಟಿಗೆ ಬಂತು. ರಜೆಯ ದಿನ ಬೆಳಿಗ್ಗೆ ಹೊರಡುತ್ತಿದ್ದೆವು. ಒಂದು ಮನೆ ಅವನಿಗೆ, ಒಂದು ನನಗೆ ಎಂದು ಲೆಕ್ಕ. ಮದುವೆಯ ಮಾತು ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಅವನಿಗೆ ನನ್ನ ಮೇಲೆ ಪ್ರೀತಿಯೋ, ಒಂದೇ ದೋಣಿಯವರೆಂಬ ಕನಿಕರವೋ ಎಂದು ನನಗೆ ಅನುಮಾನ. ಕೇಳಲು ಬಾಯಿ ಬರುತ್ತಿರಲಿಲ್ಲ. ಒಂದು ಕರಾರು ಮಾತ್ರ ಮಾಡಿಕೊಂಡಿದ್ದೆವು: ಅವರು ಕೇಳುವ ಮೊದಲೇ ನಾವು ಹೇಳಿಬಿಡುವುದು. ಮೊದಲ ಮನೆಯವರು ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿದೆ ಎಂದರು. ಎರಡನೆಯವರು ಫೋನ್ ಮಾಡುತ್ತೇವೆ ಎಂದರು, ಮಾಡಲಿಲ್ಲ. ಮೂರನೆಯವರು ಗೇಟೇ ತೆಗೆಯಲಿಲ್ಲ.

ನಾಲ್ಕನೆಯದು ಖಾಸಿಂ ಬೀ ಅವರದು. ಮಾರ್ಕೆಟ್ಟಿನ ಹಿಂದೆ, ಹಳೆಯ ಕಲ್ಲಿನ ಮನೆ, ಪಕ್ಕಕ್ಕೆ ಎರಡು ಕೋಣೆ. ಅವತ್ತು ನೋಡುವುದು ನನಗಾಗಿ. ಅವರು ಅಂಗಳದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ನಿಂತಲ್ಲೇ ಒಂದೇ ಉಸಿರಿಗೆ ಹೇಳಿದೆ. ಹೆಸರು, ಊರು, ಓಣಿ, ಕೆಲಸ, ಹಕ್ಕಿ ಇದೆ, ಅದು ಹೀಗೆ ಅನ್ನುತ್ತದೆ, ಫೋಟೋ ಹಾಕುತ್ತೇನೆ.

ಅವರು ಅಕ್ಕಿಯಿಂದ ಒಂದು ಕಲ್ಲು ತೆಗೆದು ಬಿಸಾಕಿದರು.

"ಅದೆಲ್ಲಾ ಇರ್ಲಿ ಬೇಟಿ. ಈತ ಯಾರು ನಿನಗ?"

ಈ ಪ್ರಶ್ನೆಗೆ ನಾವು ತಯಾರಾಗಿ ಬಂದಿರಲಿಲ್ಲ.

"ನಾನು ಬರೇ ಜೋಡಿ ಬಂದೀನ್ರೀ," ಎಂದ ಕೃಷ್ಣ.

"ನಮ್ಮ ಮನ್ಯಾಗ ವಯಸ್ಸಿಗೆ ಬಂದ ಹೆಣ್ಮಕ್ಕಳು ಅದಾರ. ಜೋಡಿ ಬರೋರು ಹೋಗೋರು ನಡಿಯಂಗಿಲ್ಲ. ಅಣ್ಣ ಅಂದ್ರ ಅಣ್ಣ ಅನ್ರಿ, ಮನಿಯವರಂದ್ರ ಮನಿಯವರನ್ರಿ. ಯಾರಂತ ಹೇಳಿದ್ರ ಕೀಲಿ ಕೊಡ್ತೀನಿ, ಇಲ್ಲಂದ್ರ ಇಲ್ಲ."

ಅವನು ನನ್ನ ಕಡೆ ನೋಡಲಿಲ್ಲ. ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದ, ಕಿವಿ ಕೆಂಪಾಗಿದ್ದವು. ಆ ಕಿವಿ ನೋಡಿ ನನಗೆ ಧೈರ್ಯ ಬಂತು.

"ನಾ ಇವರನ್ನ ಮದಿವಿ ಆಗ್ತೀನಿ," ಎಂದೆ.

ಖಾಸಿಂ ಬೀ ಮೊರ ಕೆಳಗಿಟ್ಟು ಅವನನ್ನು ಕೇಳಿದರು. "ಹೌದೇನಪ್ಪ?"

ಅವನು ಈಗ ನನ್ನ ಕಡೆ ತಿರುಗಿದ. "ಹೌದ್ರೀ ಅಮ್ಮಾ. ನನಗೂ ಈಗ ಗೊತ್ತಾತು."

ಅವರು ನಗುತ್ತ ನಗುತ್ತ ಸೊಂಟದಿಂದ ಕೀಲಿ ತೆಗೆದು ನನ್ನ ಕೈಗಿಟ್ಟರು. ಮದುವೆಗೆ ಕರೆಯದಿದ್ದರೆ ಮನೆ ಖಾಲಿ ಮಾಡಿಸುತ್ತೇನೆ ಎಂದರು.

ಹೊರಗೆ ಬಂದು ಮಾರ್ಕೆಟ್ಟಿನ ರಸ್ತೆಗೆ ನಡೆದೆವು. 

ಮೆಣಸಿನಕಾಯಿ ಮಾರುವವರ ಸಾಲಿನ ಹತ್ತಿರ ಬಂದಾಗ ಅವನು ನಿಂತ.

"ವಿಶಾಖಾ," ಎಂದ. ರೀ ಹಚ್ಚದೆ ಕರೆದದ್ದು ಅದೇ ಮೊದಲು. "ನೀ ಅಂದದ್ದು ಖರೇನ? ಇಲ್ಲಾ ಮನಿ ಸಲುವಾಗಿ ಅಂದಿಯಾ?"

ಈಗ ಅನುಮಾನ ಅವನ ಸರದಿಗೆ ಬಂದಿತ್ತು. ಮುಖ ನೋಡಿದೆ. ತಮಾಷೆಗೆ ಕೇಳುತ್ತಿರಲಿಲ್ಲ. ಇನ್ನೊಂದು ಹೊಸ್ತಿಲಲ್ಲಿ ನಿಂತವನ ಹಾಗೆ ನಿಂತಿದ್ದ.

"ಕೀಲಿ ವಾಪಸ್ ಕೊಟ್ಟು ಬರ್ಲೇನು?" ಎಂದೆ. "ಮನಿ ಸಿಗದಿದ್ರೂ ಇದನ್ನ ಅಂತಿದ್ದೆ. ಗುಡಾರದಾಗ ಇದ್ರೂ ಅಂತಿದ್ದೆ."

ಅವನು ಹಗಲು ಹನ್ನೆರಡು ಗಂಟೆಗೆ, ರಾಯಚೂರಿನ ನಡುರಸ್ತೆಯಲ್ಲಿ, ಎಲ್ಲರ ಎದುರಿಗೆ ನನ್ನ ಕೈ ಹಿಡಿದುಕೊಂಡ.